ಅಡ್ಮಿನ್ ಮಾಡಿದರೂ ‘ಆಕ್ಸೆಸ್ ಡಿನೈಡ್’: ಅಪ್‌ಗ್ರೇಡ್ ಯಾರ ಹೆಸರಿನಲ್ಲಿ ನಡೆಯುತ್ತಿದೆ?

ಪ್ರಶ್ನೆ: ಸರ್, ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವವಳು. ನಮ್ಮಲ್ಲಿ ಮೂರು ಕಂಪ್ಯೂಟರ್ ಇವೆ. ಬಿಲ್ಲಿಂಗ್ ಸಾಫ್ಟ್‌ವೇರಿನ ಡೇಟಾ ಎಲ್ಲ ಯಜಮಾನರ ಕೋಣೆಯ ಕಂಪ್ಯೂಟರಿನಲ್ಲಿದೆ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲವೆಂದು ಅದನ್ನು ಬದಲಿಸಿ ವಿಂಡೋಸ್ 11ರದ್ದು ತಂದರು. ಹಳೆಯ ಹಾರ್ಡ್‌ಡಿಸ್ಕನ್ನೇ ಡಿ ಡ್ರೈವ್ ಎಂದು ಒಳಗೆ ಹಾಕಿಕೊಟ್ಟಿದ್ದಾರೆ. ತೂಕದ ಹತ್ತಿರ ಇರುವುದರಲ್ಲಿ ನಾನು ವಿಕ್ರಿ ಪಟ್ಟಿ ಮಾಡುತ್ತೇನೆ, ಅದರಲ್ಲಿ ಝಡ್ ಡ್ರೈವ್ ಒತ್ತಿದರೆ ಯಜಮಾನರ ಕಂಪ್ಯೂಟರಿನ ಫೋಲ್ಡರ್ ತೆರೆಯುತ್ತದೆ. ಮೂರನೆಯದು ಗೋದಾಮಿನಲ್ಲಿ, ಅದೇ ಕಂಪನಿಯ ಹಳೆಯ ಸ್ಟಾಕ್ ಪ್ರೋಗ್ರಾಂ ಇರುವುದು.

ಈಗ ಕಂಪನಿಯವರು ಎರಡಕ್ಕೂ ಹೊಸ ವರ್ಷನ್ ಕಳಿಸಿದ್ದಾರೆ. ಯಜಮಾನರ ಕಂಪ್ಯೂಟರಿನಲ್ಲಿ ‘ಬ್ಯಾಕಪ್ ತೆಗೆಯಲಾಗುತ್ತಿದೆ’ ಎನ್ನುವವರೆಗೆ ಬಂದು ‘ಎರರ್ 5, ಆಕ್ಸೆಸ್ ಈಸ್ ಡಿನೈಡ್’ ಎಂದು ಹಿಂದೆ ಹೋಗುತ್ತದೆ. ನನ್ನ ಅಕೌಂಟನ್ನು ಅಡ್ಮಿನ್ ಮಾಡಿದರೂ ಅಷ್ಟೇ. ನನ್ನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಕೇಳಿತು, ಯಜಮಾನರು ಬಂದು ತಮ್ಮದು ಹಾಕಿದರು. ಮೊದಲ ಸಲ ‘ಝಡ್ ಡ್ರೈವ್ ಇಲ್ಲ’ ಎಂದಿತು. ಫೈಲನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದಾಗ ‘ಯಶಸ್ವಿ’ ಎಂದಿತು, ಆದರೆ ನಾನು ತೆರೆದರೆ ಹಳೆಯ ವರ್ಷನ್ನೇ ಬರುತ್ತದೆ. ಗೋದಾಮಿನಲ್ಲಿ ಅಪ್‌ಗ್ರೇಡ್ ಸಲೀಸಾಗಿ ಆಯಿತು, ಆದರೆ ಇತ್ತೀಚಿನ ಸ್ಟಾಕ್ ಎಂಟ್ರಿ ಒಂದೂ ಕಾಣುವುದಿಲ್ಲ. ಅಲ್ಲಿ ಮೊದಲಿನಿಂದಲೂ ಯಜಮಾನರ ಲಾಗಿನ್‌ನಲ್ಲಿ ಒಂದು ಸ್ಟಾಕ್, ಗೋದಾಮಿನ ಅಣ್ಣನ ಲಾಗಿನ್‌ನಲ್ಲಿ ಒಂದು ಸ್ಟಾಕ್ ತೋರಿಸುತ್ತಿತ್ತು. ಈಗ ಇಬ್ಬರಿಗೂ ಯಾವುದೋ ಕಾಲದ್ದು.

ಕಂಪನಿಗೆ ಫೋನ್ ಮಾಡಿದರೆ ‘ನಿಮ್ಮ ಕಂಪ್ಯೂಟರಿನ ತೊಂದರೆ’ ಎನ್ನುತ್ತಾರೆ, ರಿಪೇರಿಯವರು ‘ಸಾಫ್ಟ್‌ವೇರಿನ ತೊಂದರೆ’ ಎನ್ನುತ್ತಾರೆ. ಯುಎಸಿ ಆಫ್ ಮಾಡಿ, ಎವೆರಿವನ್‌ಗೆ ಫುಲ್ ಕಂಟ್ರೋಲ್ ಕೊಡಿ, ಆ್ಯಂಟಿವೈರಸ್ ತೆಗೆಯಿರಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಮ್ಮ ಡೇಟಾ ಹೋಯಿತೇ? ಹಳೆಯ ವರ್ಷನ್ನಿನಲ್ಲೇ ಇದ್ದುಬಿಟ್ಟರೆ ಆಗದೇ? (ಹೆಸರು ಬೇಡವೆಂದಿದ್ದಾರೆ, ಶಿರಸಿ)

ಉತ್ತರ:

ಮೊದಲು ಗೋದಾಮಿನ ಮಾತು, ಯಾಕೆಂದರೆ ತಡವಾದಷ್ಟೂ ಕೆಡುವುದು ಅದೊಂದೇ. ನೀವು ಹೇಳಿದ ಲಕ್ಷಣ ನೋಡಿದರೆ ಡೇಟಾ ಹೋಗಿಲ್ಲ, ಬೇರೆ ಜಾಗದಲ್ಲಿ ಕೂತಿದೆ. ಆದರೆ ಇಂದಿನಿಂದ ಅದರಲ್ಲಿ ಹೊಸ ಎಂಟ್ರಿ ಒಂದೂ ಹಾಕಬೇಡಿ. ಚಾಲಿ ಅಡಿಕೆ ಬರಲಿ, ರಾಶಿ ಅಡಿಕೆ ಬರಲಿ, ಸದ್ಯ ಪುಸ್ತಕದಲ್ಲಿ ಬರೆದುಕೊಳ್ಳಿ. ಯಾರ ಲಾಗಿನ್ನನ್ನೂ ಡಿಲೀಟ್ ಮಾಡಬೇಡಿ, ‘ಕ್ಲೀನ್ ಮಾಡಿಕೊಡುತ್ತೇನೆ’ ಎನ್ನುವವರಿಗೆ ಆ ಕಂಪ್ಯೂಟರ್ ಕೊಡಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಮೂರು ಕಂಪ್ಯೂಟರಿನಲ್ಲೂ ಒಂದೇ ಸಾಫ್ಟ್‌ವೇರ್ ಕಂಪನಿ, ಒಂದೇ ವಾರದ ಅಪ್‌ಗ್ರೇಡ್, ಒಂದೇ ಬಗೆಯ ಪರ್ಮಿಷನ್ ಗಲಾಟೆ. ಹಾಗಾಗಿ ಒಂದೇ ರೋಗವೆಂದು ನಿಮಗೆ ಅನಿಸಿದೆ. ನನಗೆ ಕಾಣುವುದು ಮೂರು ಬೇರೆ ಬೇರೆ ರೋಗ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ನಿಮ್ಮ ಕಡೆಯೂ, ಅಂಗಡಿ–ಕಚೇರಿಗಳ ಕಂಪ್ಯೂಟರ್ ನೋಡುತ್ತ ಬಂದ ನಾನು ಇಂಥ ದೂರು ಬಂದಾಗ ‘ನೀವು ಅಡ್ಮಿನ್ನಾ?’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಕೇಳಬೇಕಾದ್ದು ಇಷ್ಟು: ಯಾವ ಪ್ರೋಗ್ರಾಂ, ಯಾರ ಹೆಸರಿನಲ್ಲಿ, ಯಾವ ಫೈಲನ್ನು ಮುಟ್ಟಲು ಹೋಗಿ ಬೈಸಿಕೊಂಡಿತು? ಸ್ಕ್ರೀನ್ ಮುಂದೆ ಕೂತಿರುವವರು ನೀವೇ ಆದರೂ ಒಳಗೆ ಕೆಲಸ ನಡೆಯುವುದು ನಿಮ್ಮ ಹೆಸರಿನಲ್ಲೇ ಆಗಬೇಕೆಂದಿಲ್ಲ. ನಿಮ್ಮ ಮೂರೂ ತೊಂದರೆಗಳ ಬುಡ ಇಲ್ಲೇ ಇದೆ.

ಅಡ್ಮಿನ್ ಎಂದರೇನು ಎನ್ನುವುದನ್ನು ಸ್ವಲ್ಪ ಬಿಡಿಸಬೇಕು. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗಿನಿಂದ ಯೂಸರ್ ಅಕೌಂಟ್ ಕಂಟ್ರೋಲ್, ಅಂದರೆ ಯುಎಸಿ ಇದೆ. ಅಡ್ಮಿನ್ ಅಕೌಂಟಿನವರು ಲಾಗಿನ್ ಆದಾಗ ವಿಂಡೋಸ್ ಅವರಿಗೆ ಎರಡು ಗುರುತುಚೀಟಿ ಮಾಡಿಡುತ್ತದೆ, ಒಂದು ಸಾಮಾನ್ಯದ್ದು, ಒಂದು ಪೂರ್ಣ ಅಧಿಕಾರದ್ದು. ಮನೆಯ ಯಜಮಾನರಾದರೂ ಕೀಲಿಕೈ ಗೊಂಚಲನ್ನು ಕಪಾಟಿನಲ್ಲಿಟ್ಟು ಬರಿಗೈಯಲ್ಲಿ ಅಂಗಳ ತಿರುಗುತ್ತಾರಲ್ಲ, ಹಾಗೆ. ನೀವು ತೆರೆಯುವ ಪ್ರತಿ ಪ್ರೋಗ್ರಾಂ ಸಾಮಾನ್ಯ ಚೀಟಿಯಲ್ಲೇ ಓಡುತ್ತದೆ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ ‘ಯೆಸ್’ ಎಂದ ಮೇಲಷ್ಟೇ ಆ ಒಂದು ಪ್ರೋಗ್ರಾಮಿಗೆ ಪೂರ್ಣ ಚೀಟಿ ಸಿಗುವುದು. ಇನ್ನೊಂದು ಸಣ್ಣ ಸಂಗತಿ ತುಂಬ ಜನರಿಗೆ ತಪ್ಪಿಹೋಗುತ್ತದೆ. ಈ ಚೀಟಿ ತಯಾರಾಗುವುದು ಲಾಗಿನ್ ಆಗುವ ಹೊತ್ತಿನಲ್ಲಿ. ಅಕೌಂಟನ್ನು ಅಡ್ಮಿನ್ ಮಾಡಿ, ಸೈನ್ ಔಟ್ ಆಗದೆ ಹಾಗೇ ಅಪ್‌ಗ್ರೇಡ್ ಒತ್ತಿದರೆ ನೀವು ಇನ್ನೂ ಹಳಬರೇ.

ಇನ್ನು ಯಜಮಾನರ ಕಂಪ್ಯೂಟರ್. ನಿಮ್ಮ ಪತ್ರದಲ್ಲಿ ‘ಬ್ಯಾಕಪ್ ತೆಗೆಯಲಾಗುತ್ತಿದೆ’ ಎಂಬ ಒಂದು ಸಾಲು ಇಲ್ಲದಿದ್ದರೆ ನಾನು ಎಲ್ಲೆಲ್ಲೋ ಹುಡುಕಬೇಕಿತ್ತು. ಇಂಥ ಬಿಲ್ಲಿಂಗ್ ಸಾಫ್ಟ್‌ವೇರುಗಳಲ್ಲಿ ಹೆಚ್ಚಿನವು ಡೇಟಾವನ್ನು ಎಸ್‌ಕ್ಯೂಎಲ್ ಸರ್ವರ್‌ನಂಥ ಡೇಟಾಬೇಸಿನಲ್ಲಿ ಇಡುತ್ತವೆ. ಅಪ್‌ಗ್ರೇಡ್ ಪ್ರೋಗ್ರಾಂ ಟೇಬಲ್ಲುಗಳನ್ನು, ಅಂದರೆ ಡೇಟಾ ಕೂತಿರುವ ಕೋಷ್ಟಕಗಳನ್ನು, ಬದಲಿಸುವ ಮೊದಲು ‘ಒಂದು ಬ್ಯಾಕಪ್ ತೆಗೆದು ಈ ಫೋಲ್ಡರಿನಲ್ಲಿ ಇಡು’ ಎಂದು ಡೇಟಾಬೇಸಿಗೆ ಹೇಳುತ್ತದೆ. ಬ್ಯಾಕಪ್ ಫೈಲನ್ನು ಬರೆಯುವುದು ನೀವೂ ಅಲ್ಲ, ಅಪ್‌ಗ್ರೇಡ್ ಪ್ರೋಗ್ರಾಮೂ ಅಲ್ಲ. ಎಸ್‌ಕ್ಯೂಎಲ್ ಸರ್ವರ್ ಎನ್ನುವ ಸರ್ವಿಸ್, ಅಂದರೆ ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಂ, ತನ್ನದೇ ಅಕೌಂಟಿನ ಹೆಸರಿನಲ್ಲಿ ಬರೆಯುತ್ತದೆ. ಆ ಫೋಲ್ಡರ್ ಯಜಮಾನರ ಡೆಸ್ಕ್‌ಟಾಪಿನಲ್ಲೋ ಡಾಕ್ಯುಮೆಂಟ್ಸ್‌ನಲ್ಲೋ ಇದ್ದರೆ ಸರ್ವಿಸಿಗೆ ಅಲ್ಲಿ ಕಾಲಿಡಲು ಅನುಮತಿ ಇರುವುದಿಲ್ಲ. ಆಗ ಬರುವುದೇ ಎರರ್ 5. ನಿಮ್ಮನ್ನು ಹತ್ತು ಸಲ ಅಡ್ಮಿನ್ ಮಾಡಿದರೂ ಅದಕ್ಕೆ ಸಂಬಂಧವಿಲ್ಲ.

‘ಹಾಗಾದರೆ ಹಳೆಯ ಕಂಪ್ಯೂಟರಿನಲ್ಲಿ ಹೇಗೆ ಆಗುತ್ತಿತ್ತು?’ ಎಂದು ನೀವು ಕೇಳಿಯೇ ಕೇಳುತ್ತೀರಿ. ಎಸ್‌ಕ್ಯೂಎಲ್ ಸರ್ವರ್ 2012ರಿಂದ ಈಚೆಗೆ, ಸುಮ್ಮನೆ ‘ನೆಕ್ಸ್ಟ್’ ಒತ್ತುತ್ತ ಹಾಕಿದರೆ ಆ ಸರ್ವಿಸಿಗೆಂದೇ ಹುಟ್ಟಿದ, ಅಧಿಕಾರ ಕಡಿಮೆ ಇರುವ ವರ್ಚುವಲ್ ಅಕೌಂಟ್ ಸಿಗುತ್ತದೆ. ಅದಕ್ಕೂ ಹಿಂದಿನವುಗಳಲ್ಲಿ ಹಾಕುವವರು ಹಾಗೆ ಆರಿಸಿದ್ದರೆ, ಅಥವಾ ಆಮೇಲೆ ಕೈಯಾರೆ ಬದಲಿಸಿದ್ದರೆ, ‘ಲೋಕಲ್ ಸಿಸ್ಟಂ’ ಎಂಬ ಭಾರೀ ಅಧಿಕಾರದ ಅಕೌಂಟ್ ಇರುತ್ತಿತ್ತು. ಅದಕ್ಕೆ ಯಾರ ಡೆಸ್ಕ್‌ಟಾಪಾದರೂ ಸರಿ. ಹೊಸ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಹೊಸದಾಗಿ ಹಾಕಿದಾಗ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದೆ ಬದಲಾಗಿರುತ್ತದೆ.

ಪರೀಕ್ಷಿಸುವುದು ಸುಲಭ. ಸ್ಟಾರ್ಟ್‌ನಲ್ಲಿ ‘ಸರ್ವಿಸಸ್’ ಎಂದು ಹುಡುಕಿ ತೆರೆಯಿರಿ. ಎಸ್‌ಕ್ಯೂಎಲ್ ಸರ್ವರ್ ಎಂಬ ಸಾಲಿನ ಮೇಲೆ ಎರಡು ಸಲ ಒತ್ತಿ ‘ಲಾಗ್ ಆನ್’ ಎಂಬ ಟ್ಯಾಬಿಗೆ ಹೋದರೆ ಅದು ಯಾರ ಹೆಸರಿನಲ್ಲಿ ಓಡುತ್ತಿದೆ ಎಂದು ಬರೆದಿರುತ್ತದೆ. ಆ ಹೆಸರನ್ನು ಅಕ್ಷರ ತಪ್ಪದೆ ಬರೆದುಕೊಳ್ಳಿ. ಡಿಸ್ಕಿನಲ್ಲಿ ಬ್ಯಾಕಪ್ಪಿಗೆಂದೇ ಒಂದು ಹೊಸ ಫೋಲ್ಡರ್ ಮಾಡಿ. ಅದರ ಪ್ರಾಪರ್ಟೀಸ್‌ನ ಸೆಕ್ಯೂರಿಟಿ ಟ್ಯಾಬಿನಲ್ಲಿ ಆ ಹೆಸರನ್ನು ಟೈಪ್ ಮಾಡಿ ಸೇರಿಸಿ, ‘ಮಾಡಿಫೈ’ ಅನುಮತಿ ಕೊಡಿ. ಪಟ್ಟಿಯಲ್ಲಿ ಹುಡುಕಿದರೆ ಆ ಹೆಸರು ಸಿಗದಿರಬಹುದು, ಟೈಪ್ ಮಾಡಿದರೆ ಒಪ್ಪಿಕೊಳ್ಳುತ್ತದೆ. ಆಮೇಲೆ ಸಾಫ್ಟ್‌ವೇರಿನ ಬ್ಯಾಕಪ್ ಜಾಗವನ್ನು ಈ ಫೋಲ್ಡರಿಗೆ ತಿರುಗಿಸಿ. ಫೋಲ್ಡರ್ ಮಾಡುವ ಉಸಾಬರಿ ಬೇಡವೆಂದರೆ ಎಸ್‌ಕ್ಯೂಎಲ್ ಸರ್ವರ್ ತಾನೇ ಮಾಡಿಕೊಂಡಿರುವ ಬ್ಯಾಕಪ್ ಫೋಲ್ಡರಿದೆ, ಅಲ್ಲಿ ಅನುಮತಿ ಮೊದಲೇ ಇರುತ್ತದೆ. ಇನ್ನೊಂದು ದಾರಿಯೂ ಇದೆ, ಸರ್ವಿಸನ್ನೇ ಲೋಕಲ್ ಸಿಸ್ಟಂಗೆ ಬದಲಿಸುವುದು. ಫೋನಿನಲ್ಲಿ ಸಹಾಯ ಮಾಡುವವರು ಬೇಗ ಮುಗಿಸಲು ಅದನ್ನೇ ಹೇಳುವುದುಂಟು. ಕೆಲಸವೂ ಆಗುತ್ತದೆ. ಆದರೆ ಡೇಟಾಬೇಸಿನಲ್ಲಿ ಯಾರಾದರೂ ತೂರಿಕೊಂಡರೆ ಇಡೀ ಕಂಪ್ಯೂಟರ್ ಅವರ ಕೈಗೆ ಹೋಗುತ್ತದೆ. ಒಂದು ಫೋಲ್ಡರಿನ ಸಲುವಾಗಿ ನಾನಂತೂ ಅದನ್ನು ಮಾಡುವುದಿಲ್ಲ.

ಬ್ಯಾಕಪ್ ದಾಟಿದ ಮೇಲೆ ಇನ್ನೊಂದು ಗೋಡೆ ಸಿಗಬಹುದು, ಈಗಲೇ ಹೇಳಿಬಿಡುತ್ತೇನೆ. ವಿಂಡೋಸಿನ ಅಡ್ಮಿನ್ ಬೇರೆ, ಡೇಟಾಬೇಸಿನ ಅಡ್ಮಿನ್ ಬೇರೆ. ಎಸ್‌ಕ್ಯೂಎಲ್ ಸರ್ವರ್ 2008ರಿಂದ ವಿಂಡೋಸ್ ಅಡ್ಮಿನ್‌ಗಳಿಗೆ ಡೇಟಾಬೇಸಿನ ಅಧಿಕಾರ ತಾನಾಗಿ ಸಿಗುವುದಿಲ್ಲ. ಹಾಕುವಾಗ ಯಾರನ್ನು ಸೇರಿಸಿದರೋ ಅವರಷ್ಟೇ. ಅಪ್‌ಗ್ರೇಡ್ ಟೇಬಲ್ ಬದಲಿಸಲು ಹೋದಾಗ ‘ಲಾಗಿನ್ ಫೇಲ್ಡ್’ ಎಂದೋ ‘ಪರ್ಮಿಷನ್ ಡಿನೈಡ್’ ಎಂದೋ ಡೇಟಾಬೇಸಿನ ಹೆಸರು ಹಿಡಿದು ಸಂದೇಶ ಬಂದರೆ ತೊಂದರೆ ಇದು. ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ ತನ್ನ ಹೆಸರಿನ ಅಕೌಂಟ್ ಮಾಡಿ ಅದರಿಂದಲೇ ಎಲ್ಲ ಹಾಕಿರುತ್ತಾನೆ. ಅವನು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಮೇಲೆ ‘ಈ ಅಕೌಂಟ್ ಯಾಕೆ’ ಎಂದು ಯಾರೋ ಅಳಿಸುತ್ತಾರೆ. ಅಲ್ಲಿಗೆ ಡೇಟಾಬೇಸಿನ ಬಾಗಿಲಿನ ಒಂದೇ ಕೀಲಿಯೂ ಹೋಯಿತು. ವಾಪಸ್ ಪಡೆಯಲು ದಾರಿ ಇದೆ. ಸರ್ವಿಸನ್ನು ಸಿಂಗಲ್ ಯೂಸರ್ ಮೋಡ್‌ನಲ್ಲಿ ಶುರುಮಾಡಿದರೆ ವಿಂಡೋಸ್ ಅಡ್ಮಿನ್ ಒಳಗೆ ಹೋಗಿ ಹೊಸ ಅಡ್ಮಿನ್ ಸೇರಿಸಬಹುದು. ಅದನ್ನು ಮಾತ್ರ ಕಂಪನಿಯವರಿಂದಲೇ ಮಾಡಿಸಿಕೊಳ್ಳಿ.

ಡಿ ಡ್ರೈವಿನ ಬಗ್ಗೆಯೂ ಒಂದು ಅನುಮಾನವಿದೆ. ಅದು ಹಳೆಯ ಕಂಪ್ಯೂಟರಿನ ಡಿಸ್ಕ್. ಅದರ ಮೇಲಿನ ಫೈಲುಗಳ ಒಡೆತನ ಹಳೆಯ ವಿಂಡೋಸಿನ ಅಕೌಂಟುಗಳ ಹೆಸರಿನಲ್ಲೇ ಇದೆ. ಹೊಸದರಲ್ಲೂ ‘ಮ್ಯಾನೇಜರ್’ ಎಂದು ಅದೇ ಹೆಸರಿಟ್ಟಿರಬಹುದು, ಆದರೆ ವಿಂಡೋಸ್ ಹೆಸರು ನೋಡುವುದಿಲ್ಲ, ಪ್ರತಿ ಅಕೌಂಟಿಗೂ ಕೊಟ್ಟ ಉದ್ದನೆಯ ನಂಬರ್ ನೋಡುತ್ತದೆ. ಸೆಕ್ಯೂರಿಟಿ ಟ್ಯಾಬಿನಲ್ಲಿ ಹೆಸರಿನ ಬದಲು ಎಸ್-1-5-21 ಎಂದು ಶುರುವಾಗುವ ಅಂಕೆಗಳ ಸಾಲು ಕಂಡರೆ ಆ ಫೈಲಿನ ಯಜಮಾನ ಈ ಕಂಪ್ಯೂಟರಿನಲ್ಲಿ ಇಲ್ಲವೆಂದು ತಿಳಿಯಿರಿ. ಅಂಥ ಫೋಲ್ಡರಿನ ಒಡೆತನವನ್ನು ‘ಅಡ್ವಾನ್ಸ್‌ಡ್’ ಒತ್ತಿ ಈಗಿನ ಅಡ್ಮಿನ್ನಿಗೆ ಬದಲಿಸಿಕೊಳ್ಳಬಹುದು. ಸಾಫ್ಟ್‌ವೇರಿನ ಫೋಲ್ಡರ್ ಒಂದಕ್ಕೆ ಮಾತ್ರ ಮಾಡಿ. ಇಡೀ ಸಿ ಡ್ರೈವಿಗೆ ಹೀಗೆ ಮಾಡಿ ವಿಂಡೋಸನ್ನೇ ಮತ್ತೆ ಹಾಕಬೇಕಾದ ಕಂಪ್ಯೂಟರುಗಳು ನನ್ನ ಬಳಿ ಬಂದಿವೆ.

ಇನ್ನು ನಿಮ್ಮ ತೂಕದ ಕಂಪ್ಯೂಟರ್. ಇದರಲ್ಲಿ ಕೆಟ್ಟಿರುವುದು ಏನೂ ಇಲ್ಲ ಎಂದರೆ ನೀವು ನಂಬುವುದಿಲ್ಲ. ಯಜಮಾನರು ಬಂದು ತಮ್ಮ ಪಾಸ್‌ವರ್ಡ್ ಹಾಕಿದರಲ್ಲ, ಆ ಕ್ಷಣದಿಂದ ಅಪ್‌ಗ್ರೇಡ್ ನಡೆದದ್ದು ಅವರ ಹೆಸರಿನಲ್ಲಿ. ಡೆಸ್ಕ್‌ಟಾಪ್ ನಿಮ್ಮದೇ, ಮೌಸ್ ನಿಮ್ಮ ಕೈಯಲ್ಲೇ, ಆದರೆ ಆ ಪ್ರೋಗ್ರಾಮಿನ ಪಾಲಿಗೆ ಕೂತಿರುವವರು ಯಜಮಾನರು. ಝಡ್ ಡ್ರೈವ್ ಜೋಡಿಸಿದ್ದು ನಿಮ್ಮ ಲಾಗಿನ್ನಿಗೆ, ಅವರಿಗೆ ಅದು ಇಲ್ಲ. ಆದ್ದರಿಂದಲೇ ‘ಇಲ್ಲ’ ಎಂದಿತು. ಪೆನ್‌ಡ್ರೈವಿನಿಂದ ಹಾಕಿದಾಗ ಹೊಸ ವರ್ಷನ್ ಬಹುಶಃ ಯಜಮಾನರ ಯೂಸರ್ ಫೋಲ್ಡರಿನ ಆ್ಯಪ್‌ಡೇಟಾ ಒಳಗೆ ಹೋಗಿ ಕೂತಿದೆ. ಈಚಿನ ಎಷ್ಟೋ ಸಾಫ್ಟ್‌ವೇರುಗಳು ಎಲ್ಲರಿಗಾಗಿ ಪ್ರೋಗ್ರಾಂ ಫೈಲ್ಸ್‌ಗೆ ಹೋಗುವ ಬದಲು ಓಡಿಸಿದವರ ಫೋಲ್ಡರಿನಲ್ಲೇ ಇಳಿದುಬಿಡುತ್ತವೆ. ನಿಮ್ಮ ಹಳೆಯದು ‘ಎಲ್ಲರಿಗಾಗಿ’ ಹಾಕಿದ್ದು, ಹೊಸದು ‘ಒಬ್ಬರಿಗಾಗಿ’ ಹಾಕಿದ್ದು ಎಂದಾದರೆ ವಿಂಡೋಸ್ ಇನ್‌ಸ್ಟಾಲರ್ ಹಳೆಯದನ್ನು ತನ್ನ ಹಿಂದಿನ ವರ್ಷನ್ ಎಂದು ಗುರುತಿಸುವುದೂ ಇಲ್ಲ. ಎರಡೂ ಅಕ್ಕಪಕ್ಕ ಉಳಿಯುತ್ತವೆ. ಯಜಮಾನರು ಅದೇ ಕಂಪ್ಯೂಟರಿನಲ್ಲಿ ತಮ್ಮ ಲಾಗಿನ್ ಮಾಡಿ ನೋಡಲಿ, ಹೊಸ ವರ್ಷನ್ ಅವರಿಗೆ ಕಾಣುವ ಸಾಧ್ಯತೆಯೇ ಹೆಚ್ಚು.

ಸರಿಪಡಿಸುವ ಕ್ರಮ ಹೀಗೆ. ಯಜಮಾನರ ಲಾಗಿನ್‌ನಿಂದ ಆ ಹೊಸದನ್ನು ಅನ್‌ಇನ್‌ಸ್ಟಾಲ್ ಮಾಡಿಸಿ. ಸೆಟಪ್ ಶುರುವಿನಲ್ಲಿ ‘ಎಲ್ಲ ಬಳಕೆದಾರರಿಗೆ’ ಎಂಬ ಆಯ್ಕೆ ಇದೆಯೇ ನೋಡಿ, ಇದ್ದರೆ ಅದನ್ನೇ ಆರಿಸಿದರೆ ಯಾವ ಅಡ್ಮಿನ್ನಿನ ಪಾಸ್‌ವರ್ಡ್ ಹಾಕಿದರೂ ನಡೆಯುತ್ತದೆ. ಇಲ್ಲದಿದ್ದರೆ ನಿಮ್ಮ ಅಕೌಂಟನ್ನೇ ತಾತ್ಕಾಲಿಕವಾಗಿ ಅಡ್ಮಿನ್ ಮಾಡಿ, ಸೈನ್ ಔಟ್ ಆಗಿ ಮತ್ತೆ ಲಾಗಿನ್ ಆಗಿ, ಅಪ್‌ಗ್ರೇಡ್ ಮುಗಿಸಿ, ಮತ್ತೆ ಸಾಮಾನ್ಯ ಅಕೌಂಟಿಗೆ ಇಳಿಸಿ. ಇಳಿಸುವುದನ್ನು ಮರೆಯುವುದೇ ಇದರ ದೊಡ್ಡ ಅಪಾಯ. ನಾನು ನೋಡಿದ ಅಂಗಡಿಗಳಲ್ಲಿ ‘ತಾತ್ಕಾಲಿಕ ಅಡ್ಮಿನ್’ಗಳು ವರ್ಷಗಟ್ಟಲೆ ಅಡ್ಮಿನ್ ಆಗಿಯೇ ಉಳಿದಿರುತ್ತಾರೆ, ಅದರಲ್ಲೇ ವಾಟ್ಸ್‌ಆ್ಯಪ್ಪಿನಲ್ಲಿ ಬಂದ ಫೈಲುಗಳನ್ನೂ ತೆರೆಯುತ್ತಿರುತ್ತಾರೆ. ಹಾಂ, ನಿಮ್ಮದೇ ಅಡ್ಮಿನ್ ಅಕೌಂಟಿನಿಂದ ಓಡಿಸಿದರೂ ಝಡ್ ಡ್ರೈವ್ ಮಾಯವಾಗಬಹುದು, ಏಕೆಂದರೆ ಡ್ರೈವ್ ಜೋಡಣೆ ಸಾಮಾನ್ಯ ಚೀಟಿಯ ಕಡೆಗಿರುತ್ತದೆ. ಆದ್ದರಿಂದ ಸೆಟಪ್ ಫೈಲನ್ನು ಸಿ ಡ್ರೈವಿಗೆ ಕಾಪಿ ಮಾಡಿಕೊಂಡು ಓಡಿಸಿ. ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಫೋಲ್ಡರ್ ಕೇಳಿದರೆ ಝಡ್ ಎನ್ನುವ ಬದಲು ಎರಡು ಓರೆಗೆರೆ (\\) ಹಾಕಿ ಯಜಮಾನರ ಕಂಪ್ಯೂಟರಿನ ಹೆಸರು, ಆಮೇಲೆ ಇನ್ನೊಂದು ಓರೆಗೆರೆ (\) ಹಾಕಿ ಹಂಚಿಕೊಂಡ ಫೋಲ್ಡರಿನ ಹೆಸರು ಬರೆಯಿರಿ.

ಈಗ ಗೋದಾಮು. ಇದು ವಿಂಡೋಸಿನ ಒಳ್ಳೆಯತನದಿಂದಲೇ ಹುಟ್ಟಿದ ತಾಪತ್ರಯ. ಹಳೆಯ ಕಾಲದ ಪ್ರೋಗ್ರಾಮುಗಳು ತಮ್ಮ ಡೇಟಾವನ್ನು ತಾವಿರುವ ಫೋಲ್ಡರಿನಲ್ಲೇ, ಅಂದರೆ ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯುತ್ತಿದ್ದವು. ವಿಸ್ಟಾದಿಂದ ಮುಂದೆ ಸಾಮಾನ್ಯ ಬಳಕೆದಾರರು ಅಲ್ಲಿ ಬರೆಯುವ ಹಾಗಿಲ್ಲ. ಹಾಗೆಂದು ತಡೆದರೆ ಹಳೆಯ ಪ್ರೋಗ್ರಾಮುಗಳೆಲ್ಲ ಸಾಯುತ್ತಿದ್ದವು. ಅದಕ್ಕೆ ವಿಂಡೋಸ್ ಒಂದು ಉಪಾಯ ಮಾಡಿತು. 32 ಬಿಟ್‌ನ ಹಳೆಯ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ ಸದ್ದಿಲ್ಲದೆ ಆ ಬರಹವನ್ನು ಬಳಕೆದಾರರ ಸ್ವಂತ ಫೋಲ್ಡರಿಗೆ ತಿರುಗಿಸುತ್ತದೆ. ಜಾಗ ಇದು: ಸಿ ಡ್ರೈವ್, ಯೂಸರ್ಸ್, ಅವರ ಹೆಸರು, ಆ್ಯಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್. ಪ್ರೋಗ್ರಾಮಿಗೆ ತಾನು ಪ್ರೋಗ್ರಾಂ ಫೈಲ್ಸ್‌ನಲ್ಲೇ ಬರೆದೆ, ಅಲ್ಲಿಂದಲೇ ಓದಿದೆ ಎಂಬ ಭ್ರಮೆ.

ಒಬ್ಬೊಬ್ಬ ಬಳಕೆದಾರರಿಗೂ ಒಂದೊಂದು ವರ್ಚುವಲ್‌ಸ್ಟೋರ್. ಯಜಮಾನರ ಲಾಗಿನ್‌ನಲ್ಲಿ ಒಂದು ಸ್ಟಾಕ್, ಗೋದಾಮಿನ ಅಣ್ಣನದರಲ್ಲಿ ಒಂದು ಸ್ಟಾಕ್ ಕಾಣುತ್ತಿದ್ದುದರ ಗುಟ್ಟು ಇದು. ಆಗಲೇ ಯಾರಾದರೂ ‘ಇದೇನು ಎರಡು ಲೆಕ್ಕ’ ಎಂದು ಹಿಡಿದು ಕೇಳಿದ್ದರೆ ಚೆನ್ನಾಗಿತ್ತು, ಆದರೆ ಗೋದಾಮಿನ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ನಾವು ಮೊದಲು ಮನುಷ್ಯರನ್ನೇ ಅನುಮಾನಿಸುತ್ತೇವೆ. ಹೊಸ ವರ್ಷನ್ ಹೊಸ ಪದ್ಧತಿಯಂತೆ ಬರೆದದ್ದು, ‘ನನಗೆ ಈ ತಿರುಗಿಸುವಿಕೆ ಬೇಡ’ ಎಂದು ವಿಂಡೋಸಿಗೆ ತಾನೇ ಹೇಳಿಕೊಳ್ಳುತ್ತದೆ. ಹಾಗಾಗಿ ಈಗ ಅದು ನಿಜವಾದ ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಫೈಲನ್ನು ಓದುತ್ತಿದೆ, ಅಂದರೆ ಮೊದಲು ಹಾಕಿದಾಗಿನದೋ ಯಾವತ್ತೋ ಅಡ್ಮಿನ್ ಆಗಿ ತೆರೆದಾಗ ಬರೆದದ್ದೋ. ಇಬ್ಬರಿಗೂ ‘ಯಾವುದೋ ಕಾಲದ್ದು’ ಕಾಣುತ್ತಿರುವುದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಇಬ್ಬರೂ ತಮ್ಮ ತಮ್ಮ ಲಾಗಿನ್ ಮಾಡಿ, ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ನಲ್ಲಿ ಅಡಗಿದ ಫೋಲ್ಡರುಗಳು ಕಾಣುವಂತೆ ಮಾಡಿಕೊಂಡು ವರ್ಚುವಲ್‌ಸ್ಟೋರ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಕಾಪಿ ಮಾಡಲಿ. ಕಟ್ ಮಾಡುವುದು ಬೇಡ. ಒಂದಕ್ಕೆ ಯಜಮಾನರ ಹೆಸರು, ಒಂದಕ್ಕೆ ಅಣ್ಣನ ಹೆಸರು ಬರೆಯಿರಿ. ಒಳಗಿನ ಡೇಟಾ ಫೈಲಿನ ಕೊನೆಯ ತಾರೀಖು, ಗಾತ್ರ ನೋಡಿ. ದಿನವೂ ಎಂಟ್ರಿ ಹಾಕುತ್ತಿದ್ದವರದ್ದು ಈಚಿನ ತಾರೀಖಿನದ್ದಾಗಿರುತ್ತದೆ, ನಿಜವಾದ ಸ್ಟಾಕ್ ಪುಸ್ತಕ ಹೆಚ್ಚಾಗಿ ಅದೇ. ಅದನ್ನು ಹೊಸ ವರ್ಷನ್ ಡೇಟಾ ಇಡುವ ಜಾಗಕ್ಕೆ ತರುವುದು ಕಂಪನಿಯವರ ಕೆಲಸ, ಏಕೆಂದರೆ ಫೈಲಿನ ಒಳರಚನೆ ಬದಲಾಗಿರಬಹುದು. ಇಬ್ಬರೂ ಬೇರೆ ಬೇರೆ ಎಂಟ್ರಿ ಹಾಕಿದ್ದರೆ ಎರಡನ್ನೂ ಒಂದರ ಮೇಲೊಂದು ಕಾಪಿ ಮಾಡಿದರೆ ಸೇರುವುದಿಲ್ಲ, ಒಂದು ಅಳಿಯುತ್ತದೆ. ಚಿಕ್ಕದನ್ನು ಕಾಗದಕ್ಕೆ ಪ್ರಿಂಟ್ ತೆಗೆಸಿ ಕೈಯಲ್ಲಿ ಹಾಕುವುದೇ ವಾಸಿ. ಲಾಗಿನ್ ಡಿಲೀಟ್ ಮಾಡಬೇಡಿ ಎಂದದ್ದು ಇದಕ್ಕೇ. ಅಕೌಂಟನ್ನು ಅದರ ಫೈಲುಗಳ ಸಮೇತ ಅಳಿಸಿದರೆ ವರ್ಚುವಲ್‌ಸ್ಟೋರ್ ಕೂಡ ಅದರೊಂದಿಗೆ ಹೋಗುತ್ತದೆ.

ನಿಮಗೆ ಸಿಕ್ಕ ಸಲಹೆಗಳ ವಿಚಾರ. ಎವೆರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟರೆ ಎಷ್ಟೋ ಸಲ ಕೆಲಸ ಆಗುತ್ತದೆ, ಅದಕ್ಕೇ ಅದು ಇಷ್ಟು ಹಬ್ಬಿರುವುದು. ಆದರೆ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಗೆ ಕೊಟ್ಟರೆ ಸಾಮಾನ್ಯ ಲಾಗಿನ್‌ನಲ್ಲಿ ಬಂದ ಒಂದು ಕೆಟ್ಟ ಪ್ರೋಗ್ರಾಂ ನಿಮ್ಮ ಬಿಲ್ಲಿಂಗ್ ಫೈಲನ್ನೇ ಬದಲಿಸಿಟ್ಟು, ಮುಂದಿನ ಸಲ ಯಜಮಾನರು ಅಡ್ಮಿನ್ ಆಗಿ ತೆರೆಯುವುದನ್ನು ಕಾಯಬಹುದು. ಹಂಚಿಕೊಂಡ ಫೋಲ್ಡರಿಗೆ ಕೊಟ್ಟರಂತೂ ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಒಂದು ಕಂಪ್ಯೂಟರಿಗೆ ಬಂದರೆ ಸಾಕು, ಎಲ್ಲರ ಡೇಟಾ ಅದರ ಕೈಗೆ. ಬೇಕಾದವರಿಗೆ, ಬೇಕಾದ ಫೋಲ್ಡರಿಗೆ, ‘ಮಾಡಿಫೈ’ ಮಾತ್ರ ಕೊಡಿ.

ಯುಎಸಿ ಆಫ್ ಮಾಡುವುದು ನಿಮ್ಮಲ್ಲಿ ಉಲ್ಟಾ ಹೊಡೆಯುತ್ತದೆ. ವಿಂಡೋಸಿನ ಒಳಗಿನ ಸೆಟ್ಟಿಂಗುಗಳೆಲ್ಲ ಇರುವ ರಿಜಿಸ್ಟ್ರಿಯಲ್ಲಿ ಅದನ್ನು ಪೂರ್ತಿ ನಿಲ್ಲಿಸಿದರೆ ಮೇಲೆ ಹೇಳಿದ ತಿರುಗಿಸುವ ಉಪಾಯವೂ ನಿಲ್ಲುತ್ತದೆ. ಅಂದರೆ ಗೋದಾಮಿನಲ್ಲಿ ಹಳೆಯ ವರ್ಷನ್ ವಾಪಸ್ ಹಾಕಿದರೂ ಡೇಟಾ ಕಾಣುವುದಿಲ್ಲ, ಆಗ ನಿಜಕ್ಕೂ ಗಾಬರಿಯಾಗುತ್ತದೆ. ‘ಫೋಲ್ಡರಿನ ರೀಡ್ ಓನ್ಲಿ ಗುರುತು ತೆಗೆಯಿರಿ’ ಎಂದೂ ಯಾರಾದರೂ ಹೇಳಿಯೇ ಹೇಳುತ್ತಾರೆ. ತೆಗೆದರೂ ಅದು ಮತ್ತೆ ಬರುತ್ತದೆ. ಫೋಲ್ಡರಿನ ಮಟ್ಟಿಗೆ ಆ ಗುರುತಿಗೂ ಬರೆಯುವ ಅನುಮತಿಗೂ ಸಂಬಂಧವೇ ಇಲ್ಲ. ಆ್ಯಂಟಿವೈರಸ್ ತೆಗೆಯುವ ಮೊದಲು ವಿಂಡೋಸ್ ಸೆಕ್ಯೂರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಆನ್ ಇದೆಯೇ ನೋಡಿ. ಅದು ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳಿಗೆ ಅಪರಿಚಿತ ಪ್ರೋಗ್ರಾಂ ಬರೆಯದಂತೆ ತಡೆಯುತ್ತದೆ. ಆನ್ ಇದ್ದರೆ ನಿಮ್ಮ ಸಾಫ್ಟ್‌ವೇರ್ ಒಂದನ್ನು ಅದರ ಅನುಮತಿ ಪಟ್ಟಿಗೆ ಸೇರಿಸಿದರೆ ಮುಗಿಯಿತು. ಅಡಗಿರುವ ‘ಅಡ್ಮಿನಿಸ್ಟ್ರೇಟರ್’ ಅಕೌಂಟನ್ನು ಎಬ್ಬಿಸುವ ಸಲಹೆಗೆ ನನ್ನ ಉತ್ತರ ಒಂದೇ, ಬೇಡ. ಅದು ಯುಎಸಿಯ ಪ್ರಶ್ನೆಯೇ ಇಲ್ಲದೆ ಎಲ್ಲವನ್ನೂ ಪೂರ್ಣ ಅಧಿಕಾರದಲ್ಲಿ ಓಡಿಸುತ್ತದೆ.

ಕೆಲವು ಸಲ ಪರ್ಮಿಷನ್ ಎಂದು ಕಾಣುವುದು ಪರ್ಮಿಷನ್ನೇ ಆಗಿರುವುದಿಲ್ಲ. ಕುಮಟಾದ ಒಂದು ಮೆಡಿಕಲ್ ಶಾಪಿನಲ್ಲಿ ಬೆಳಗಿನವರು ಹೋಗುವಾಗ ಸೈನ್ ಔಟ್ ಆಗದೆ ‘ಸ್ವಿಚ್ ಯೂಸರ್’ ಮಾಡಿ ಹೋಗುತ್ತಿದ್ದರು. ಅವರ ಪ್ರೋಗ್ರಾಂ ಹಿಂದೆ ತೆರೆದೇ ಇತ್ತು, ಫೈಲನ್ನು ಹಿಡಿದುಕೊಂಡಿತ್ತು. ಮಧ್ಯಾಹ್ನದವರು ಅಪ್‌ಗ್ರೇಡ್ ಮಾಡಲು ಹೋದರೆ ಫೈಲ್ ಬದಲಿಸಲಾಗುತ್ತಿಲ್ಲ. ಪರ್ಮಿಷನ್ ಕೊಟ್ಟೂ ಕೊಟ್ಟೂ ಸುಸ್ತಾಗಿದ್ದರು. ಕೋಡ್ 5 ಎಂದರೆ ಅನುಮತಿ ಇಲ್ಲ, 32 ಎಂದರೆ ಇನ್ನೊಬ್ಬರು ಬಳಸುತ್ತಿದ್ದಾರೆ. 80070005 ಎಂಬ ಉದ್ದದ ಕೋಡಿನ ಬಾಲದಲ್ಲಿರುವುದೂ ಅದೇ 5. 1925 ಬಂದರೆ ಎಲ್ಲರಿಗಾಗಿ ಹಾಕುವ ಅಧಿಕಾರ ನಿಮಗಿಲ್ಲ, 1303 ಬಂದರೆ ಇನ್‌ಸ್ಟಾಲರಿಗೆ ಒಂದು ಫೋಲ್ಡರಿನೊಳಗೆ ಹೋಗಲಾಗಲಿಲ್ಲ, ಫೋಲ್ಡರಿನ ಹೆಸರನ್ನೂ ಅದೇ ಹೇಳುತ್ತದೆ. 1603 ಮಾತ್ರ ‘ಏನೋ ಆಯಿತು’ ಎಂಬುದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಅದು ಬಂದರೆ ಇನ್‌ಸ್ಟಾಲರಿನ ಲಾಗ್ ಫೈಲಿನಲ್ಲಿ ‘ರಿಟರ್ನ್ ವ್ಯಾಲ್ಯೂ 3’ ಎಂದು ಹುಡುಕಿ, ನಿಜವಾದ ಕಾರಣ ಸಾಮಾನ್ಯವಾಗಿ ಅದರ ತುಸು ಮೇಲಿನ ಸಾಲುಗಳಲ್ಲಿರುತ್ತದೆ.

ಕಂಪನಿಯವರೂ ರಿಪೇರಿಯವರೂ ಒಬ್ಬರ ಮೇಲೊಬ್ಬರು ಹಾಕುವುದನ್ನು ನಿಲ್ಲಿಸಲು ಒಂದು ಉಪಕರಣವಿದೆ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಂಗ್ರಹದ ‘ಪ್ರೋಸೆಸ್ ಮಾನಿಟರ್’, ಉಚಿತ. ಅದನ್ನು ಅಡ್ಮಿನ್ ಆಗಿ ಓಡಿಸಿಟ್ಟು ಅಪ್‌ಗ್ರೇಡ್ ಶುರುಮಾಡಿ, ಸೋತ ಕೂಡಲೇ ನಿಲ್ಲಿಸಿ, ಫಲಿತಾಂಶ ‘ಆಕ್ಸೆಸ್ ಡಿನೈಡ್’ ಇರುವ ಸಾಲುಗಳನ್ನಷ್ಟೇ ಸೋಸಿ. ಯಾವ ಪ್ರೋಗ್ರಾಂ, ಯಾವ ಫೈಲ್ ಎಂದು ಪ್ರತಿ ಸಾಲಿನಲ್ಲೂ ಇರುತ್ತದೆ. ಬಳಕೆದಾರರ ಹೆಸರಿನ ಕಾಲಮ್ ತಾನಾಗಿ ಕಾಣುವುದಿಲ್ಲ, ಆನ್ ಮಾಡಿಕೊಳ್ಳಬೇಕು. ಹತ್ತಾರು ಡಿನೈಡ್ ಸಾಲು ಕಂಡು ಹೆದರಬೇಡಿ, ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಅವು ಇರುತ್ತವೆ. ಸೋಲುವ ಕ್ಷಣಕ್ಕೆ ಹತ್ತಿರದ ಸಾಲು ಮುಖ್ಯ. ಆ ಸಾಲಿನ ಫೋಟೋ ಕಳಿಸಿದರೆ ಕಂಪನಿಯ ಹೆಲ್ಪ್‌ಲೈನಿನವರ ಮಾತಿನ ಧಾಟಿಯೇ ಬದಲಾಗುತ್ತದೆ.

ಕೊನೆಯ ಪ್ರಶ್ನೆ, ಹಳೆಯದರಲ್ಲೇ ಇದ್ದರೆ? ಬಿಲ್ಲಿಂಗಿನ ಮಟ್ಟಿಗೆ ಸ್ವಲ್ಪ ದಿನ ಧಾರಾಳವಾಗಿ ಇರಿ. ಯಜಮಾನರ ಕಂಪ್ಯೂಟರಿನಲ್ಲಿ ಅಪ್‌ಗ್ರೇಡ್ ಬ್ಯಾಕಪ್ಪಿನಲ್ಲೇ ನಿಂತಿದ್ದರಿಂದ ಡೇಟಾಬೇಸ್ ಇನ್ನೂ ಹಳೆಯ ರೂಪದಲ್ಲೇ ಇದೆ, ನಿಮ್ಮ ಹಳೆಯ ವರ್ಷನ್ ಅದರೊಂದಿಗೆ ಸರಿಯಾಗಿ ಮಾತಾಡುತ್ತದೆ. ಆದರೆ ಈಗ ನಿಮ್ಮ ಕಂಪ್ಯೂಟರಿನಲ್ಲಿ ಯಜಮಾನರ ಹೆಸರಿನಡಿ ಹೊಸದೂ ಇದೆ. ಅವರು ಅದನ್ನು ತೆರೆದು, ‘ಡೇಟಾ ಅಪ್‌ಗ್ರೇಡ್ ಮಾಡಲೇ?’ ಎಂದು ಅದು ಕೇಳಿ, ‘ಯೆಸ್’ ಒತ್ತಿದರೆ ಡೇಟಾ ಮುಂದೆ ಹೋಗಿ ನೀವು ಹಿಂದೆ ಉಳಿಯುತ್ತೀರಿ. ಹಾಗಾಗಿ ಅದನ್ನು ತೆಗೆಸುವುದು ಇವತ್ತಿನ ಕೆಲಸ. ಉಳಿದದ್ದನ್ನು ವ್ಯಾಪಾರ ಇಲ್ಲದ ದಿನ ಇಟ್ಟುಕೊಳ್ಳಿ. ಡೇಟಾಬೇಸಿನ ಬ್ಯಾಕಪ್ ತೆಗೆದು ಹೊರಗಿನ ಡಿಸ್ಕಿಗೆ ಹಾಕಿ, ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿಡಿ. ಎಲ್ಲರೂ ಸೈನ್ ಔಟ್ ಆಗಲಿ. ಮೊದಲು ಯಜಮಾನರ ಕಂಪ್ಯೂಟರ್, ಅದು ಸರಿಯಾಗಿ ತೆರೆದು ಒಂದು ಹಳೆಯ ಪಟ್ಟಿ ಕಂಡ ಮೇಲೆ ನಿಮ್ಮದು. ಮಳೆಗಾಲವಾದರೆ ಯುಪಿಎಸ್ ಬ್ಯಾಟರಿಯನ್ನು ಹಿಂದಿನ ದಿನವೇ ಪರೀಕ್ಷಿಸಿ. ಟೇಬಲ್ ಬದಲಾಗುತ್ತಿರುವಾಗ ಎಲ್ಲೋ ಮರ ಬಿದ್ದು ಕರೆಂಟ್ ಹೋದರೆ ಆ ಹೊರಗಿನ ಡಿಸ್ಕೊಂದೇ ನಿಮಗೆ ಉಳಿಯುವುದು. ಗೋದಾಮಿನ ಕಂಪ್ಯೂಟರನ್ನು ಮಾತ್ರ ಎರಡೂ ಪೆನ್‌ಡ್ರೈವ್ ಕಂಪನಿಯವರ ಕೈಸೇರಿ, ಅವರು ಸ್ಟಾಕ್ ತೆರೆದು ತೋರಿಸುವವರೆಗೆ ಆಫ್ ಮಾಡಿಡಿ.